ಕರಾವಳಿಯ ರೈಲು ಯಾವ ದಿಕ್ಕಿನಿಂದ ಬಂತು?

ಕುಮಟಾದವ, ರಾಜಾಜಿನಗರ:
ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು. ಹಾಗಿದ್ದೂ ಅದರ ಉತ್ತರಕ್ಕಿರುವ ಉಡುಪಿ, ಕುಮಟಾ, ಕಾರವಾರಗಳು 1990ರ ದಶಕದವರೆಗೆ ಕಾಯಬೇಕಾದದ್ದೇಕೆ? ಹೊಳೆಗಳೇ ಅಡ್ಡಿಯಾದವೆಂದು ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಿದ್ದರು. ಕಾರಣ ಅಷ್ಟೇ ಇದ್ದೀತೇ?

ಚಿರೇಕಲ್ಲು:
ಹೊಳೆಗಳು ಅಡ್ಡಿಯಾದದ್ದು ನಿಜ, ಆದರೆ ಹಣದ ಪ್ರಶ್ನೆ ಅದಕ್ಕಿಂತ ದೊಡ್ಡದು. 1907ರ ಹಳಿ ಮದ್ರಾಸ್ ಕಡೆಯಿಂದ ಮಲಬಾರಿನ ಮೂಲಕ ಬಂದು ಮಂಗಳೂರಿನಲ್ಲಿ ನಿಂತಿತು. ಅಲ್ಲಿಂದ ಮುಂದೆ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಹೀಗೆ ಒಂದಾದ ಮೇಲೊಂದು ನದಿಯನ್ನು ಕಡಲಿಗೆ ಸೇರುವ ಅಗಲವಾದ ಜಾಗದಲ್ಲೇ ದಾಟಬೇಕಿತ್ತು. ಹೊನ್ನಾವರದ ಶರಾವತಿ ಸೇತುವೆಯೊಂದೇ ಎರಡು ಕಿಲೋಮೀಟರಿಗೂ ಉದ್ದವಿದೆ. ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ಎಂಬ ಪ್ರತ್ಯೇಕ ನಿಗಮವನ್ನೇ ಸ್ಥಾಪಿಸಿ, ಬಂಡವಾಳದಲ್ಲಿ ರೈಲ್ವೆ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6 ಶೇಕಡಾ ಹಾಕುವಂತೆ ಮಾಡಿ, ಉಳಿದ ಹಣವನ್ನು ಬಾಂಡ್‌ಗಳಿಂದ ಎತ್ತಿದ ಮೇಲೆಯೇ ಗಂಟು ಬಿಚ್ಚಿತು. ಇ. ಶ್ರೀಧರನ್ ಅದರ ಮೊದಲ ಮುಖ್ಯಸ್ಥರು. ಮಂಗಳೂರು–ಉಡುಪಿ ನಡುವೆ 1993ರ ಮಾರ್ಚ್‌ನಲ್ಲಿ ರೈಲು ಓಡಿತು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ ಸುಮಾರು 740 ಕಿಲೋಮೀಟರ್ ಹಳಿ ಪೂರ್ಣಗೊಂಡದ್ದು 1998ರಲ್ಲಿ.

ಹಳೇ ಪ್ರಯಾಣಿಕ:
ಸುರಂಗಗಳನ್ನು ಮರೆಯಬಾರದು. ಈ ಮಾರ್ಗದಲ್ಲಿ ಅವು 90ಕ್ಕೂ ಹೆಚ್ಚಿವೆ. ರತ್ನಾಗಿರಿಯ ಬಳಿಯ ಕರಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದವಿದ್ದರೂ, ಹೆಚ್ಚು ಕಾಡಿದ್ದು ಗೋವಾದ ಪೆರ್ಣೆಮ್‌ನ ಮೆತ್ತನೆಯ ಮಣ್ಣು, ಅಗೆದಷ್ಟೂ ಕುಸಿಯುತ್ತಿತ್ತು.

ಯಶವಂತಪುರ:
ಬೆಂಗಳೂರಿನವರ ಪಾಲಿನ ವಿಚಿತ್ರವನ್ನು ಯಾರೂ ಹೇಳಲಿಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ (ಕಿರಿದಾದ ಹಳಿಯ) ಮಾರ್ಗ 1979ರಲ್ಲಿ ಮುಗಿದಿತ್ತು. ಕೊಂಕಣ ಹಳಿ ಇನ್ನೇನು ಸಿದ್ಧವಾಗುವಷ್ಟರಲ್ಲಿ, 1996ರಲ್ಲಿ, ಸಕಲೇಶಪುರದಿಂದ ಕೆಳಗಿನ ಘಟ್ಟದ ಮಾರ್ಗವನ್ನು ಬ್ರಾಡ್ ಗೇಜ್ (ಅಗಲ ಹಳಿ) ಮಾಡಲೆಂದು ಮುಚ್ಚಿದರು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಏರು 50 ಮೀಟರಿಗೆ 1 ಮೀಟರಿನಷ್ಟು. ಕೆಲಸ ಬೇಗ ಸಾಗುವಂಥ ಜಾಗವಲ್ಲ. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹೀಗಾಗಿ ಕಾರವಾರಕ್ಕೆ ಮುಂಬೈ ರೈಲಿನಲ್ಲಿ ಹತ್ತಿರವಾದ ಸುಮಾರು ಹತ್ತು ವರ್ಷ, ಸ್ವಂತ ರಾಜಧಾನಿಗೆ ಘಟ್ಟದ ದಾರಿ ಮುಚ್ಚಿಯೇ ಇತ್ತು. ನನ್ನ ಮಟ್ಟಿಗೆ ಇದು ಯೋಜನೆಯ ಲೋಪವೇ.

ಕುಮಟಾದವ, ರಾಜಾಜಿನಗರ:
ಎಲ್ಲರಿಗೂ ಧನ್ಯವಾದಗಳು. 1999ರಲ್ಲಿ ಊರಿನ ಸ್ಟೇಷನ್ನಿನಲ್ಲಿ ರೈಲು ನಿಲ್ಲುತ್ತಿದ್ದರೂ ನಮ್ಮ ತಂದೆಯವರು ಚೌತಿಗೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲೇ ಏಕೆ ಬರುತ್ತಿದ್ದರೆಂಬುದು ಈಗ ತಿಳಿಯಿತು.