ಗೋವಿನಜೋಳದ ಬದಲು ಗೋಧಿ ಹಾಕಿದ ಮ್ಯಾಲೆ ಲಿಟರ್ (ಶೆಡ್ಡಿನ ನೆಲದ ಹಾಸು) ಒದ್ದಿ, ತೂಕ ಕಮ್ಮಿ: ಏನ್ ಮಾಡ್ಬೇಕ್ರಿ?

ಹಾವೇರಿ_ಶೆಡ್
ಎಲ್ಲರಿಗೂ ನಮಸ್ಕಾರ್ರಿ. ರಾಣೆಬೆನ್ನೂರ ಹತ್ರ ನಮ್ಮದು ಸಣ್ಣ ಬ್ರಾಯ್ಲರ್ ಶೆಡ್ ಐತಿ, ಫೀಡ್ ನಾವ ಮಿಕ್ಸ್ ಮಾಡ್ಕೋತೀವಿ. ಗೋವಿನಜೋಳದ ರೇಟ್ ಏರಿದ್ದಕ್ಕ ಹಿಟ್ಟಿನ ಗಿರಣಿಯಿಂದ ಅಗ್ಗದ ಗೋಧಿ ತಂದೀವಿ. ಕ್ವಿಂಟಲ್ ಫೀಡಿನ್ಯಾಗ 30 ಕೆ.ಜಿ. ಗೋವಿನಜೋಳ ತಗದು ಅಷ್ಟ ಗೋಧಿ ಹಾಕೀವಿ. ಗೋಧಿಯೊಳಗ ಪ್ರೋಟೀನ್ ಜಾಸ್ತಿ ಅಂತ ಸೋಯಾ ಹಿಂಡಿ 3 ಕೆ.ಜಿ. ಇಳಿಸಿ ಅದರ ಜಾಗಕ್ಕೂ ಗೋಧಿನ ಹಾಕೀವಿ. ಮರಿ ಬಂದ ದಿನದಿಂದ ಇದ ಫೀಡು. ಎರಡನೇ ವಾರಕ್ಕ ಹಿಕ್ಕಿ ಅಂಟಂಟು, ಲಿಟರ್ ಒದ್ದಿ, ಹಿಂದ ಪುಕ್ಕಕ್ಕೆಲ್ಲ ಮೆತ್ಕೊಂಡೈತಿ. ಕಾಲು ಬೆಳ್ಳಗ ಆಗ್ಯಾವ. 35 ದಿನಕ್ಕ 2 ಕೆ.ಜಿ. ಬರೋ ಕೋಳಿ 1.7 ದಾಟವಲ್ವು. ನಿಪ್ಪಲ್ ಲೈನ್ (ಕೋಳಿಗೆ ಕುಡಿಯೋ ನೀರಿನ ಪೈಪು) ಸೋರಂಗಿಲ್ಲ. ಗೋಧಿ ಪೂರಾ ಬಿಡಬೇಕೇನ್ರಿ?

ಮಂಡ್ಯ_ಬ್ರಾಯ್ಲರ್
ಮೊದಲು ಕಾಕ್ಸಿ (ಕರುಳಿಗೆ ಬರೋ ಪರಾವಲಂಬಿ ರೋಗ) ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ ಅಣ್ಣ. ಹಿಕ್ಕೆಯಲ್ಲಿ ರಕ್ತ ಇದ್ಯಾ? ಒಂದು ಸತ್ತ ಕೋಳಿ ಡಾಕ್ಟ್ರ ಹತ್ರ ಕೊಯ್ಸಿ ನೋಡಿ.

ಹಾವೇರಿ_ಶೆಡ್
ಡಾಕ್ಟರ್ ಕೊಯ್ದು ನೋಡ್ಯಾರ್ರಿ. ರಕ್ತ ಇಲ್ಲ, ಕಾಕ್ಸಿ ಅಲ್ಲ ಅಂದ್ರು. ಕರುಳಿನ್ಯಾಗ ಲೋಳಿ ಲೋಳಿ ಇತ್ತು.

ಫೀಡ್_ಲೆಕ್ಕ
ಆ ಲೋಳೆಯೇ ಉತ್ತರ ಸರ್. ಗೋಧಿ ಕಾಳಿನಲ್ಲಿ ಅರಾಬಿನೋಕ್ಸೈಲಾನ್ ಅನ್ನೋ ನಾರು ಇದೆ. ಅದರ ಒಂದು ಭಾಗ ನೀರಲ್ಲಿ ಕರಗಿ, ಕರುಳೊಳಗೆ ಗಂಜಿ ಥರ ಮಂದ ಆಗುತ್ತೆ. ಅದನ್ನು ಒಡೆಯೋ ಕಿಣ್ವ ಕೋಳಿಗೆ ಇಲ್ಲ. ಮೇವು ಜೀರ್ಣ ಆಗೋದು ನಿಧಾನ, ಹಿಕ್ಕೆ ಅಂಟು, ಲಿಟರ್ ಒದ್ದೆ. ಸಣ್ಣ ಮರಿಗಳಿಗೆ ಈ ಕಾಟ ಹೆಚ್ಚು, ವಯಸ್ಸಾದಂತೆ ತಡ್ಕೊಳ್ಳುತ್ತವೆ. ಮೊದಲ ದಿನದಿಂದಲೇ 30 ಕೆ.ಜಿ. ಕೊಟ್ಟಿದ್ದೇ ಮುಖ್ಯ ತೊಂದರೆ.

ಹಾಗಂತ ಗೋಧಿ ಕೆಟ್ಟ ಧಾನ್ಯ ಅಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಆ ನಾರನ್ನು ಒಡೆಯೋ ಕ್ಸೈಲನೇಸ್ ಕಿಣ್ವ ಪಾಕೆಟ್ ಮೇಲಿರೋ ಪ್ರಮಾಣದಲ್ಲಿ ಹಾಕಿ. ನಿಮ್ಮದು ಪುಡಿ ಫೀಡ್, ಪೆಲೆಟ್ (ಗುಳಿಗೆ) ಮಾಡೋವಾಗಿನ ಬಿಸಿ ಇಲ್ಲ, ಆದ್ದರಿಂದ ಕಿಣ್ವ ಕೆಡಲ್ಲ. ಗೋಧಿ ತೀರಾ ಹಿಟ್ಟಾಗಿಸಬೇಡಿ, ಕೊಕ್ಕಿಗೆ ಮೆತ್ತಿಕೊಳ್ಳುತ್ತೆ, ತರಿತರಿಯಾಗಿ ಒಡೆಸಿ.

ಈಗ ತೂಕದ ವಿಷಯ. ಕೆ.ಜಿ.ಗೆ ಕೆ.ಜಿ. ಬದಲಾಯಿಸೋದು ಸರಿಯಲ್ಲ, ಯಾಕಂದ್ರೆ ಮೆಕ್ಕೆಜೋಳದ (ನೀವನ್ನೋ ಗೋವಿನಜೋಳದ) ಶಕ್ತಿ ಕೆ.ಜಿ.ಗೆ ಸುಮಾರು 3,350 ಕಿಲೋಕ್ಯಾಲರಿ, ಒಳ್ಳೇ ಗೋಧಿಯದ್ದು 3,100ರ ಆಸುಪಾಸು. 30 ಕೆ.ಜಿ. ಅದಲು ಬದಲಾದರೆ ಕ್ವಿಂಟಲ್‌ಗೆ 7,500 ಖೋತಾ, ಅಂದ್ರೆ ಪ್ರತಿ ಕೆ.ಜಿ. ಫೀಡಿಗೆ 75. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನಕ (2007) ಫಿನಿಶರ್‌ಗೆ, ಅಂದ್ರೆ ಕೊನೇ ಹಂತದ ಫೀಡಿಗೆ, 3,200 ಕೇಳುತ್ತೆ. 1.3 ಕೆ.ಜಿ. ಗೋಧಿ ತೆಗೆದು ಅಷ್ಟೇ ಎಣ್ಣೆ ಹಾಕಿದರೆ ಈ ಖೋತಾ ತುಂಬುತ್ತೆ. ಆದರೆ ಕರುಳಲ್ಲಿ ಲೋಳೆ ಇರೋವಾಗ ಮೊದಲ ಪೆಟ್ಟು ಕೊಬ್ಬಿನ ಜೀರ್ಣಕ್ಕೇ. ಕಿಣ್ವ ಇಲ್ಲದೆ ಎಣ್ಣೆ ಸುರಿದರೆ ದುಡ್ಡು ದಂಡ.

ಸೋಯಾ ಇಳಿಸಿದ್ದನ್ನ ವಾಪಸ್ ಏರಿಸಿ. ಗೋಧಿಯಲ್ಲಿ ಪ್ರೋಟೀನ್ ಸುಮಾರು 12%, ಮೆಕ್ಕೆಜೋಳದಲ್ಲಿ 9ರೊಳಗೆ, ನಿಜ. ಆದರೆ ಬ್ರಾಯ್ಲರ್‌ಗೆ ಬೇಕಾದ್ದು ಲೈಸಿನ್ (ಪ್ರೋಟೀನಿನ ಒಂದು ಘಟಕ), ಅದು ಎರಡರಲ್ಲೂ ಬಡತನವೇ. ಗೋಧಿಯಲ್ಲಿ ಸುಮಾರು 0.35%, ಸೋಯಾದಲ್ಲಿ ಹತ್ತಿರ ಹತ್ತಿರ 2.8%. ಸೋಯಾ ಏರಿಸೋಕೆ ಆಗಲ್ಲ ಅಂದ್ರೆ ಕ್ವಿಂಟಲ್‌ಗೆ ಸುಮಾರು 60 ಗ್ರಾಂ ಲೈಸಿನ್ ಪುಡಿ ಸೇರಿಸಿ. ಇನ್ನೊಂದು ಮಾತು, ಗೋಧಿಯೊಳಗಿನ ಬಯೋಟಿನ್ ಅನ್ನೋ ವಿಟಮಿನ್ ಕೋಳಿಗೆ ಹೆಚ್ಚೂಕಡಿಮೆ ದಕ್ಕೋದೇ ಇಲ್ಲ. ನಿಮ್ಮ ವಿಟಮಿನ್ ಪ್ರೀಮಿಕ್ಸ್‌ನಲ್ಲಿ ಬಯೋಟಿನ್ ಇದೆಯಾ ನೋಡಿ. ಅಂಗಾಲು ಬಿರಿಯೋಕೆ ಒದ್ದೆ ಲಿಟರ್ ಜೊತೆಗೆ ಅದರ ಕೊರತೆಯೂ ಕಾರಣ ಆಗುತ್ತೆ.

ಕಾಲು ಬೆಳ್ಳಗಾಗಿದ್ದು ರೋಗ ಅಲ್ಲ. ಹಳದಿ ಬಣ್ಣ ಮೆಕ್ಕೆಜೋಳದ್ದು, ಗೋಧಿಯಲ್ಲಿ ಆ ಬಣ್ಣ ಇಲ್ಲ.

ತುಮಕೂರು_ಗಿರಿ
ನಮ್ಮ ಕಡೆ ರಾಗಿ ಸಿಗುತ್ತೆ. ಅದು, ಜೋಳ, ಸಜ್ಜೆ ಹಾಕಬಹುದಾ?

ಫೀಡ್_ಲೆಕ್ಕ
ನಾನಾದ್ರೆ ಸಜ್ಜೆಗೇ ಮೊದಲ ಮಣೆ ಹಾಕೋದು. ಪ್ರೋಟೀನ್ 11–12%, ಕೊಬ್ಬು 5%ರ ಹತ್ತಿರ, ಗೋಧಿಯ ಅಂಟಿನ ಕಾಟ ಇಲ್ಲ. ಮೆಕ್ಕೆಜೋಳದ ಅರ್ಧದಷ್ಟನ್ನು ಸಜ್ಜೆಯಿಂದ ತುಂಬಿದರೂ ಲೆಕ್ಕ ಸರಿ ಇದ್ದರೆ ಬೆಳವಣಿಗೆ ಕುಂದಲ್ಲ. ಆದರೆ ಕಾಳು ಸಣ್ಣದು, ಮೆಕ್ಕೆಜೋಳದ ಜಾಲರಿಯಲ್ಲಿ ಇಡೀ ಕಾಳೇ ಜಾರಿಬಿಡುತ್ತೆ, ಸಣ್ಣ ಜಾಲರಿ ಹಾಕಿಸಿ. ಬಿಳಿ ಜೋಳವೂ ಒಳ್ಳೇದೇ, ಮಳೆಗೆ ಸಿಕ್ಕಿ ಕಪ್ಪಾದದ್ದು ಮಾತ್ರ ಬೇಡವೇ ಬೇಡ. ಅಗ್ಗಕ್ಕೆ ಸಿಗುತ್ತೆ ಅಂತ ಬೂಷ್ಟು ಹಿಡಿದ ಕಾಳು ತಂದವರ ಶೆಡ್‌ನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಕೋಳಿಗಳ ಪಿತ್ತಜನಕಾಂಗ ತಿಂದು ಹಾಕೋದನ್ನ ನೋಡಿದ್ದೀನಿ, ಸಂಕಟ ಆಗುತ್ತೆ. ರಾಗಿಯಲ್ಲಿ ನಾರು ಜಾಸ್ತಿ, ಶಕ್ತಿ ಕಮ್ಮಿ. ಬ್ರಾಯ್ಲರ್‌ಗೆ ಸ್ವಲ್ಪ ಮಾತ್ರ. ಅಕ್ಕಿ ನುಚ್ಚಿನಲ್ಲಿ ಶಕ್ತಿ ಮೆಕ್ಕೆಜೋಳದಷ್ಟೇ ಇದೆ, ಪ್ರೋಟೀನ್ ಸ್ವಲ್ಪ ಕಮ್ಮಿ.

ಹಾವೇರಿ_ಶೆಡ್
ಕಿಣ್ವ ಹಾಕಿ ಸೋಯಾ ಏರಿಸೀವ್ರಿ, ಹಿಕ್ಕಿ ಗಟ್ಟಿ ಆಗಾಕತ್ತೈತಿ. ತೂಕ ಮುಂದಿನ ಬ್ಯಾಚಿಗೆ ಗೊತ್ತಾಗ್ತೈತಿ. ಮುಂದಿನ ಮರಿಗೆ ಗೋಧಿ ಎಷ್ಟು ಹಾಕ್ಲಿ? ಗಿರಣಿಯವ್ರು ಈಗಷ್ಟ ಒಕ್ಕಿದ ಹೊಸ ಗೋಧಿ ಕೊಡ್ತಾರಂತ.

ಫೀಡ್_ಲೆಕ್ಕ
ಮೊದಲ ಹತ್ತು ದಿನ ಗೋಧಿ ಬೇಡ. ಆಮೇಲೆ ಕಿಣ್ವದ ಜೊತೆ 10 ಕೆ.ಜಿ.ಯಿಂದ ಶುರು ಮಾಡಿ, ಲಿಟರ್ ನೋಡ್ಕೊಂಡು ಫಿನಿಶರ್‌ಗೆ 20ಕ್ಕೆ ಏರಿಸಿ, ಉಳಿದದ್ದಕ್ಕೆ ಸಜ್ಜೆ. ಹೊಸ ಗೋಧಿಯಲ್ಲಿ ಅಂಟು ಇನ್ನೂ ಜಾಸ್ತಿ. ಒಣ ಜಾಗದಲ್ಲಿ ಕೆಲವು ವಾರ ಇಟ್ಟು, ಹಳೇದಾದ ಮೇಲೆ ಬಳಸಿ. ಜೊಳ್ಳು ಕಾಳು ಹೆಚ್ಚಿದ್ರೆ 3,100ರ ಲೆಕ್ಕ ನಂಬಬೇಡಿ, ಶಕ್ತಿ ಅದಕ್ಕಿಂತ ಕಮ್ಮಿ ಬರುತ್ತೆ. ತೇವ 12% ದಾಟಿದ್ದರೆ ತರಲೇಬೇಡಿ.