ಎಸಿಎಲ್ ಆಪರೇಷನ್ ಆಗಿ 7 ತಿಂಗಳು, ಕಬಡ್ಡಿ ಆಡಿದ ರಾತ್ರಿ ಮಂಡಿ ಊದುತ್ತಿದೆ

ಬೋನಸ್‌ಲೈನ್:
ಬಲ ಮಂಡಿಗೆ ಎಸಿಎಲ್ (ಮಂಡಿಯೊಳಗಿನ ಒಂದು ಮುಖ್ಯ ಲಿಗಮೆಂಟ್) ಆಪರೇಷನ್ ಆಗಿ 7 ತಿಂಗಳಾಯ್ತು, ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್, ಅಂದರೆ ತೊಡೆಯ ಹಿಂಬದಿಯ ಸ್ನಾಯುರಜ್ಜು ತೆಗೆದು ಹರಿದ ಲಿಗಮೆಂಟ್ ಜಾಗಕ್ಕೆ ಹಾಕಿದ್ದಾರೆ. ನೇರ ಓಡಿದರೆ ಏನೂ ತೊಂದರೆ ಇಲ್ಲ. ಹೋದ ಭಾನುವಾರ ಮ್ಯಾಟ್ ಮೇಲೆ ಅರ್ಧ ಗಂಟೆ ಆಡಿದೆ, ಆಗ ನೋವೇ ಇರಲಿಲ್ಲ, ರಾತ್ರಿ ಊಟಕ್ಕೆ ಚಕ್ಕಂಬಕ್ಕಲ ಹಾಕಲು ಹೋದರೆ ಕಾಲು ಮಡಚಲೇ ಇಲ್ಲ, ಚಿಪ್ಪಿನ ಎರಡೂ ಪಕ್ಕದ ಗುಳಿ ಮುಚ್ಚಿ ಮಂಡಿ ಗುಂಡಗಾಗಿತ್ತು. ಇಳಿಯಲು ಎರಡು ದಿನ ಬೇಕಾಯ್ತು. ಮೆಟ್ಟಿಲು ಇಳಿಯುವಾಗ ಟಕ್ ಟಕ್ ಸದ್ದು ಬೇರೆ. ಮಂಡಿ ಕೆಳಗೆ ಹೊರಪಕ್ಕ ಅಂಗೈಯಗಲ ಜೋಮು. ಮುಂದಿನ ತಿಂಗಳು ಊರಹಬ್ಬದ ಟೂರ್ನಮೆಂಟ್ ಇದೆ. ಗ್ರಾಫ್ಟ್ ಮತ್ತೆ ಹರಿದಿದೆಯಾ? ಆಡಬಹುದಾ?

ಫಿಸಿಯೋ ಅಕ್ಕ:
ನೋವಿಲ್ಲದ ಸದ್ದು ತುಂಬ ಜನಕ್ಕೆ ಇರುತ್ತದೆ, ಅದಕ್ಕೆ ಹೆದರಬೇಡಿ. ಗ್ರಾಫ್ಟ್ ತೆಗೆಯುವಾಗ ಚರ್ಮದ ಸಣ್ಣ ನರಕ್ಕೆ ಪೆಟ್ಟಾಗಿ ಜೋಮು ಬರುವುದೂ ಸಾಮಾನ್ಯ. ಊತವನ್ನು ಮಾತ್ರ ಸುಮ್ನೆ ಬಿಡಬೇಡಿ. ಮಾರನೇ ದಿನವೂ ಇಳಿಯಲಿಲ್ಲ ಅಂದರೆ ಆ ಆಟ ನಿಮ್ಮ ಮಂಡಿಗೆ ಜಾಸ್ತಿ ಆಯ್ತು ಅಂತ. ಅಷ್ಟಕ್ಕೇ ಹರಿದಿದೆ ಅಂತ ಅಲ್ಲ. ಆದರೆ ಹೆಜ್ಜೆ ಇಟ್ಟಾಗ ಮಂಡಿ ಜಾರಿದರೆ, ಅಥವಾ ಮಡಚಿದ ಕಾಲು ಹಾಗೇ ಸಿಕ್ಕಿಕೊಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಟೂರ್ನಮೆಂಟ್ ಬೇಡ. 2016ರಲ್ಲಿ ಬಂದ ಡೆಲವೇರ್-ಓಸ್ಲೋ ಅಧ್ಯಯನದಲ್ಲಿ, ಆಪರೇಷನ್ ಆದ ಮೇಲೆ ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಒಂದೊಂದು ತಿಂಗಳು ತಡ ಮಾಡಿದಷ್ಟೂ ಮತ್ತೆ ಪೆಟ್ಟಾಗುವುದು ಹತ್ತಿರತ್ತಿರ ಅರ್ಧಕ್ಕೆ ಇಳಿಯಿತು. ತೊಡೆಯ ಬಲ ಇನ್ನೊಂದು ಕಾಲಿನ 90 ಶೇಕಡಾ ಆದರೂ ಬರಬೇಕು. ಅಳೆಸಿದ್ದೀರಾ?

ಎಡಮೂಲೆ:
ನಾನು 6ನೇ ತಿಂಗಳಿಗೇ ಇಳಿದೆ. ರೈಡ್ ಮುಗಿಸಿ ತಿರುಗುವಾಗ ಪಾದ ಮ್ಯಾಟ್‌ಗೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು, ಪಟ್ ಅಂತು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ಎರಡನೇ ಆಪರೇಷನ್ ಆದ ಮೇಲೆ 1 ವರ್ಷ ಕಾದೆ, ಈಗ ಆಡುತ್ತಿದ್ದೇನೆ. ದಯವಿಟ್ಟು ಕಾಯಿರಿ.

ಮಲೆನಾಡಿಗ:
ಕಾಲು ಪೂರ್ತಿ ನೇರ ಆಗುತ್ತದಾ? ಮಂಡಿಯಿಂದ ಕೆಳಗಿನ ಭಾಗ ಮಂಚದ ಅಂಚಿನಿಂದ ಹೊರಗೆ ಬರುವಂತೆ ಬೋರಲು ಮಲಗಿ, ಯಾರಾದರೂ ಹಿಮ್ಮಡಿ ನೋಡಲಿ. ಎರಡೂ ಒಂದೇ ಎತ್ತರದಲ್ಲಿರಬೇಕು. ನನ್ನದು ಮೇಲಿತ್ತು. ಎಂಆರ್‌ಐ ಮಾಡಿಸಿದಾಗ ಗ್ರಾಫ್ಟ್ ಮುಂದೆ ಸಣ್ಣ ಗಂಟು ಬೆಳೆದಿತ್ತು, ಸೈಕ್ಲಾಪ್ಸ್ ಅನ್ನುತ್ತಾರೆ. ದೂರ್ಬೀನು ಹಾಕಿ ತೆಗೆದ ಮೇಲೆ ಸರಿಹೋಯ್ತು.

ಬೋನಸ್‌ಲೈನ್:
ಈಗಷ್ಟೇ ಮಲಗಿ ತಮ್ಮನಿಗೆ ನೋಡಲು ಹೇಳಿದೆ. ಬಲ ಹಿಮ್ಮಡಿ ಎರಡು ಬೆರಳು ಮೇಲಿದೆಯಂತೆ. ಇಷ್ಟು ದಿನ ಗೊತ್ತೇ ಆಗಿರಲಿಲ್ಲ! ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತೇನೆ. ಈ ಸಲ ನನ್ನ ಹೆಸರು ಬಿಡಿ ಅಂತ ತಂಡದವರಿಗೂ ಹೇಳಿದೆ.