‘ಡ್ರೈವ್ ಲೆಟರ್’ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತೇ ಬೇಕು)

ಗೆಳೆಯರೇ,

ಒಂದು ಸಹಾಯ ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಕೊಡಬೇಕು. ವಿಂಡೋಸ್ ಇರುವ ಪಾರ್ಟಿಷನ್ನನ್ನು (ಡಿಸ್ಕಿನ ಒಂದು ಭಾಗ) ಹೊಸ ಡಿಸ್ಕಿಗೆ ಸಾಗಿಸಿದ ಮೇಲೆ ಅದರ ಡ್ರೈವ್ ಲೆಟರ್, ಅಂದರೆ ಕಂಪ್ಯೂಟರಿನಲ್ಲಿ ಅದಕ್ಕೆ ಕಾಣುವ ಒಂದಕ್ಷರದ ಹೆಸರು, ಸಿ ಆಗಿದ್ದದ್ದು ಡಿ ಅಥವಾ ಇ ಆಗಿಬಿಡುತ್ತದೆ. ಲಾಗಿನ್ ಆದ ಕೂಡಲೇ ಆಚೆ ತಳ್ಳುತ್ತದೆ. ಅದನ್ನು ಸರಿಮಾಡುವುದು ಹೇಗೆ ಅನ್ನುವ ಪುಟ.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ: ಡ್ರೈವ್ ಲೆಟರ್, ಪಾರ್ಟಿಷನ್, ಮೂವ್. ‘ಲೆಟರ್’ ಹಾಗೇ ಬಿಟ್ಟರೆ ಜನ ಕಾಗದ ಅಂದುಕೊಳ್ಳುತ್ತಾರೆ. ನನಗೆ ಕೊಟ್ಟಿರುವ ಹಳೆಯ ಅನುವಾದದಲ್ಲಿ ‘ಡ್ರೈವ್ ಪತ್ರ’ ಅಂತಲೇ ಇದೆ.

ಉತ್ತರ 1:
ಡ್ರೈವ್ ಅಕ್ಷರ. ವಿಭಾಗ. ಸ್ಥಳಾಂತರ. ‘ವಿಭಜನೆ’ ಬೇಡ, ಅದು ಕೆಲಸದ ಹೆಸರು, ವಸ್ತುವಿನದಲ್ಲ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಉತ್ತರ 2:
ಇದೆ. ಅಕ್ಷರ ಅಂದರೆ ಅಳಿಯದ್ದು. ಈ ಸಿ, ಡಿ ಡಿಸ್ಕಿನ ಮೇಲೆ ಬರೆದದ್ದೇ ಅಲ್ಲ. ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ (ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಕಡತ) ‘ಮೌಂಟೆಡ್ ಡಿವೈಸಸ್’ ಅನ್ನುವ ಜಾಗದಲ್ಲಿ ಇಟ್ಟುಕೊಂಡ ಪಟ್ಟಿ ಅದು. ಎಂಬಿಆರ್ (ಡಿಸ್ಕನ್ನು ಪಾರ್ಟಿಷನ್ ಮಾಡುವ ಹಳೆಯ ಪದ್ಧತಿ) ಡಿಸ್ಕಾದರೆ ಒಂದೊಂದು ಸಾಲಿಗೆ 12 ಬೈಟ್: 4 ಬೈಟ್ ಡಿಸ್ಕಿನ ಸಹಿ (ಡಿಸ್ಕನ್ನು ಗುರುತಿಸುವ ಸಂಖ್ಯೆ), 8 ಬೈಟ್ ಪಾರ್ಟಿಷನ್ ಶುರುವಾಗುವ ಜಾಗ. ಅದೇ ಡಿಸ್ಕಿನಲ್ಲೇ ಪಾರ್ಟಿಷನ್ ಸ್ವಲ್ಪ ಸರಿದರೂ ಲೆಕ್ಕ ತಪ್ಪುತ್ತದೆ, ಸಿ ಕೈಬಿಡುತ್ತದೆ. ಇಷ್ಟು ಸುಲಭವಾಗಿ ಅಳಿಯುವುದನ್ನು ಅಕ್ಷರ ಅನ್ನಲು ನನಗೆ ಮನಸ್ಸು ಬಾರದು. ಡ್ರೈವ್ ಗುರುತು ಅನ್ನಿ.

ಉತ್ತರ 1:
ಡಿಸ್ಕಿನ ಸಹಿಯೂ ಗುರುತೇ ಅಲ್ವಾ? ಒಂದೇ ಪುಟದಲ್ಲಿ ಎರಡು ಗುರುತು ಬಂದರೆ ಓದುವವರು ಯಾವುದನ್ನು ಹುಡುಕಬೇಕು? ವ್ಯುತ್ಪತ್ತಿ ನೋಡಿಕೊಂಡು ಯಾರೂ ಮಾತಾಡುವುದಿಲ್ಲ.

ಉತ್ತರ 3:
ಇಬ್ಬರೂ ಸಂಸ್ಕೃತ ಬಿಟ್ಟರೆ ಕನ್ನಡಕ್ಕೆ ಗತಿಯಿಲ್ಲ ಅನ್ನುವ ಹಾಗೆ ಬರೆಯುತ್ತಿದ್ದೀರಿ. ‘ಲೆಟರ್’ಗೆ ‘ಬರೆ’ಯಿಂದ ಬರಿಗೆ. ಪಾರ್ಟಿಷನ್‌ಗೆ ಪಾಲು. ಮೂವ್‌ಗೆ ಸರಿಸು. ಮೂರೂ ನಮ್ಮವೇ.

ಉತ್ತರ 2:
‘ಗುರುತು’ ಸಂಸ್ಕೃತವಲ್ಲ. ಕುರುಹು, ಗುರಿ ಎಲ್ಲ ಅದೇ ಬೇರಿನವು. ಮೊದಲು ಓದಿ, ಆಮೇಲೆ ಬರೆಯಿರಿ.

ನಾನು (ಕೇಳಿದವಳು):
‘ಬರಿಗೆ’ ಅಂದರೆ ಕಂಪ್ಯೂಟರ್ ಕೆಟ್ಟು ಕಂಗಾಲಾಗಿರುವವರಿಗೆ ಗೊತ್ತಾಗುವುದಿಲ್ಲ ಸರ್. ಪಾಲು ಅಂದರೆ ಪಾಲುದಾರರು ನೆನಪಾಗುತ್ತಾರೆ. ‘ಸರಿಸು’ ಚೆನ್ನಾಗಿದೆ, ಆದರೆ ಸರಿಸಿದ ಮೇಲೆ ಹಳೆಯ ಜಾಗ ಖಾಲಿಯಾಗಬೇಕು. ಇಲ್ಲಿ ಹಳೆಯ ಡಿಸ್ಕಿನಲ್ಲಿ ಎಲ್ಲವೂ ಹಾಗೇ ಉಳಿದಿರುತ್ತದೆ. ತೊಂದರೆ ಹುಟ್ಟುವುದೇ ಅಲ್ಲಿ.

ಉತ್ತರ 4:
ಹಾಗಿದ್ದರೆ ‘ನಕಲು’. ಅರಬಿಯ ನಕ್ಲ್‌ನಿಂದ ಬಂದದ್ದು. ಅಲ್ಲಿ ಅದಕ್ಕೆ ಸಾಗಿಸುವುದು, ಪ್ರತಿ ಮಾಡುವುದು ಎರಡೂ ಅರ್ಥ. ನಿಮ್ಮ ಪುಟದಲ್ಲಿ ಆಗುತ್ತಿರುವುದೂ ಅದೇ.

ಉತ್ತರ 3:
ಅರಬಿಯಿಂದ ತಂದರೆ ಸರಿ, ‘ಸರಿಸು’ ಬೇಡ. ಒಳ್ಳೆಯ ನ್ಯಾಯ. ಜೊತೆಗೆ ‘ನಕಲು’ ಅಂದರೆ ಖೋಟಾ ಅಂತಲೂ ಆಗುತ್ತದೆ.

ಉತ್ತರ 4:
ವಾಕ್ಯದಲ್ಲಿಟ್ಟು ನೋಡಿ. ‘ನಕಲು ಮಾಡಿ’ ಅಂದರೆ ಖೋಟಾ ಅನ್ನಿಸುವುದಿಲ್ಲ, ‘ನಕಲಿ’ ಅಂದರೆ ಅನ್ನಿಸುತ್ತದೆ. ನಾಲಿಗೆಯ ಮೇಲೆ ಇಷ್ಟು ವರ್ಷ ಉಳಿದ ಪದಕ್ಕೆ ಹುಟ್ಟೂರು ಕೇಳುವುದು ತಪ್ಪು.

ಉತ್ತರ 3:
ಕೇಳಲೇಬೇಕು. ಕೇಳದೆ ಇದ್ದುದಕ್ಕೇ ‘ಡ್ರೈವ್’ ಅನ್ನುವ ಪದದ ಬಗ್ಗೆ ಇಲ್ಲಿ ಒಬ್ಬರೂ ಬಾಯಿ ಬಿಟ್ಟಿಲ್ಲ.

ನಾನು:
ಎಲ್ಲರಿಗೂ ಧನ್ಯವಾದ. ಡ್ರೈವ್ ಅಕ್ಷರ, ಪಾರ್ಟಿಷನ್, ನಕಲು ಅಂತ ಇಟ್ಟೆ. ಪರದೆಯ ಮೇಲೆ ಕಾಣುವುದು ರೋಮನ್ ಲಿಪಿಯ 26 ಅಕ್ಷರಗಳಲ್ಲಿ ಒಂದು. ಅದನ್ನು ನೋಡಿದವರು ಅಕ್ಷರ ಅಂತಲೇ ಕರೆಯುತ್ತಾರೆ. ‘ಗುರುತು’ ಅನ್ನುವ ಪದವನ್ನು ಡಿಸ್ಕಿನ ಸಹಿಗೆ ಕೊಟ್ಟಿದ್ದೇನೆ. ಪುಟದ ಮೊದಲ ಸಾಲು ಹೀಗೆ: ‘ನಕಲು ಮುಗಿದ ಮೇಲೆ, ಮೊದಲ ಸಲ ಶುರು ಮಾಡುವ ಮುಂಚೆ, ಹಳೆಯ ಡಿಸ್ಕಿನ ಕೇಬಲ್ ತೆಗೆದಿಡಿ. ಎರಡೂ ಡಿಸ್ಕ್ ಕಂಡರೆ ವಿಂಡೋಸ್ ಹಳೆಯದಕ್ಕೇ ಸಿ ಕೊಟ್ಟುಬಿಡಬಹುದು.’